ಮುಟ್ಟದ ಖಾತೆ

ಬೆಡೋಕ್, ಸಿಂಗಪುರ
೧೪ ಫೆಬ್ರವರಿ ೧೯೯೯

ರೊಗಾಯಾ ಅಕ್ಕನಿಗೆ ಸಲಾಂ.

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಂತೆ, ಬರೆದಿದ್ದೇನೆ. ಹಬ್ಬಕ್ಕೆ ನೀನು ಕಟ್ಟಿಕೊಟ್ಟ ಮೀನಿನ ಒತಕ್-ಒತಕ್ ಕಡುಬು ಗಡಿ ದಾಟುವ ಹೊತ್ತಿಗೆ ಬಸ್ಸಿಡೀ ಘಮಘಮಿಸಿ, ಪಕ್ಕದಲ್ಲಿ ಕೂತವನು ಎದ್ದು ಹಿಂದಿನ ಸೀಟಿಗೆ ಹೋದ. ಹೆರ್ಲಿನಾ ನಾಚಿಕೆಯಿಂದ ಸತ್ತೇಹೋದಳು. ಹದಿನಾರು ತುಂಬಿತಲ್ಲ, ಈಗ ಅವಳಿಗೆ ಅಮ್ಮ ಅಂದರೇ ನಾಚಿಕೆ.

ಫೋನು ಮಾಡದೆ ಕಾಗದ ಯಾಕೆ ಎಂದು ಕೇಳಬೇಡ. ನಿಮ್ಮ ಫೋನಿರುವುದು ಭಾವನ ಕಾಫಿ ಅಂಗಡಿಯಲ್ಲಿ. ನಾನು ಹೇಳುವುದನ್ನು ಅಲ್ಲಿ ಕೂತ ಮುದುಕರೆಲ್ಲ ಕೇಳಿಸಿಕೊಳ್ಳುವುದು ಬೇಡ.

ಮೊನ್ನೆ ಮೆಡಿಸೇವ್ ನೋಟೀಸು ಬಂತು. ಇಲ್ಲಿ ಸಂಬಳದವರಿಗೆ ಧಣಿಯೇ ಹಿಡಿದುಕೊಂಡು ಕಟ್ಟುತ್ತಾನೆ. ನನ್ನಂಥ ಸ್ವಂತ ದುಡಿಮೆಯವರು ಮುಂದಿನ ಆಸ್ಪತ್ರೆ ಖರ್ಚಿಗೆ ಅಂತ ನಾವೇ ಕಟ್ಟಬೇಕು. ಗುಲಾಬಿ ಕಾರ್ಡಿನ ನಾಗರಿಕರಾದರೂ ಸರಿ, ನನ್ನ ಹಾಗೆ ನೀಲಿ ಕಾರ್ಡಿನ ಕಾಯಂ ನಿವಾಸಿಯಾದರೂ ಸರಿ, ತಪ್ಪಿಸಿಕೊಳ್ಳುವಂತಿಲ್ಲ. ಮದುಮಗಳ ಹುಬ್ಬು ತೀಡಿ, ಮುಡಿ ಕಟ್ಟಿ, ಮಂಟಪದಲ್ಲಿ ಕೂರಿಸಿ ಬರುವ ನಾನೂ ಸರ್ಕಾರದ ಬಾಯಲ್ಲಿ 'ಸ್ವಂತ ಉದ್ಯೋಗಿ'. ಈ ನಿಯಮ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ, ಕಟ್ಟಿದ್ದರಲ್ಲಿ ಒಂದು ಕಾಸೂ ಮುಟ್ಟಿಲ್ಲ. ಕಾಯಂ ಅನ್ನುವುದು ಹೆಸರಿಗೆ, ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಾದ ನನ್ನ ಪರ್ಮಿಟ್ ನವೆಂಬರಿನಲ್ಲಿ ಮುಗಿಯುತ್ತದೆ. ಇನ್ನೈದು ವರ್ಷ ಇರಲು ಬಿಡಿ ಎಂದು ಕೇಳಲು ಹೋದಾಗ ಆ ಮುಟ್ಟದ ಖಾತೆಯೇ ನನ್ನ ಪರ ಮಾತಾಡುತ್ತದೆ ಎಂದು ನಂಬಿಕೊಂಡಿದ್ದೆ. ಈ ಹೆಂಗಸು ದುಡಿಯುತ್ತಾಳೆ, ಗಟ್ಟಿಯಾಗಿದ್ದಾಳೆ, ಯಾರಿಗೂ ಹೊರೆಯಲ್ಲ ಅಂತ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕೈಗೆ ಒಂದು ಗಂಟು ಸಿಕ್ಕಿತು. ಅಮ್ಮನಿಗೆ ಬಂದ ಕಡೆಯೇ. ನೋವಿಲ್ಲ. ಅಮ್ಮನೂ ಮೊದಮೊದಲು ನೋವಿಲ್ಲ ಎಂದೇ ಹೇಳುತ್ತಿದ್ದಳು.

ಆಸ್ಪತ್ರೆಗೆ ಹೋಗು ಎನ್ನುತ್ತೀಯ. ನಾಲ್ಕನೇ ಮಹಡಿಯ ತೀಮಾ ನೆನಪಿದ್ದಾಳಾ? ನಮ್ಮ ಮಲೇಶಿಯಾದವಳೇ, ಕೆಲಂತಾನಿನ ಕಡೆಯವಳು, ತಿಂಡಿ ಮಾಡಿ ಮಾರುತ್ತಿದ್ದಳು, ಅವಳದೂ ನೀಲಿ ಕಾರ್ಡು. ಹೋದ ವರ್ಷ ಅವಳ ಕಿಡ್ನಿ ಕೆಟ್ಟಿತು. ಮೆಡಿಸೇವ್ ದುಡ್ಡು ತೆಗೆದು ತೆಗೆದು ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಸುರಿದಳು. ಒಂದು ದಿನ ನೋಡಿದರೆ ತೀಮಾ ಇಲ್ಲ. ಲಿಫ್ಟಿನಲ್ಲಿ ಎಲ್ಲರದೂ ಒಂದೇ ಮಾತು: "ಪರ್ಮಿಟ್ ಕೊಡ್ಲಿಲ್ವಂತೆ ಕಣ್ರೀ. ಕಾಯಿಲೆಯವ್ರನ್ನ ಇಟ್ಕೊಂಡು ಇವ್ರೇನ್ ಮಾಡ್ತಾರೆ?"

ನನ್ನನ್ನು ಕಳಿಸಿದರೆ ಮುವಾರಿಗೆ ಬಂದು ನಿನ್ನ ಜೊತೆ ಜಗಳವಾಡಿಕೊಂಡು ಇದ್ದುಬಿಡುತ್ತೇನೆ, ಅದು ಬೇರೆ. ಆದರೆ ಹೆರ್ಲಿನಾಳದು ಗುಲಾಬಿ ಕಾರ್ಡು. ತಲಾಖ್ ಆದ ದಿನವೇ ಜುನೈದಿ ಹೇಳಿದ್ದ: "ನೀನು ಈ ದೇಶ ಬಿಟ್ಟ ದಿನ ಮಗಳು ನನ್ ಮನೆಗೆ. ಕೋರ್ಟಲ್ಲೇ ಇಸ್ಕೋತೀನಿ." ಅವನ ಹೊಸ ಹೆಂಡತಿಗೆ ಮೂರು ಸಣ್ಣ ಮಕ್ಕಳು. ನನ್ನವಳು ಅಲ್ಲಿ ಅವುಗಳ ಬಟ್ಟೆ ಒಗೆದುಕೊಂಡು ಬಿದ್ದಿರಬೇಕು.

ಇನ್ನು ನನ್ನ ಕಸುಬು ನಿನಗೆ ಗೊತ್ತು. ಸಿಂಗರಿಸುವವಳ ಮುಖದ ಕಳೆಯೇ ಮದುಮಗಳಿಗೆ ಇಳಿಯುವುದು ಎನ್ನುವ ಜನ. ಅವಳಿಗೇ ರೋಗ ಎಂದು ಗೊತ್ತಾದರೆ ಯಾರು ಕರೆಯುತ್ತಾರೆ?

ಭಯವಾಗುತ್ತಿದೆ ಅಕ್ಕಾ. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ನಿನ್ನ ತಂಗಿ,
ಹಬ್ಸಾ


ಮುವಾರ್, ಮಲೇಶಿಯಾ
೨೬ ಫೆಬ್ರವರಿ ೧೯೯೯

ಹಬ್ಸಾ,

ನಿನ್ನ ಕಾಗದ ಓದುವಷ್ಟರಲ್ಲಿ ಒಲೆಯ ಮೇಲಿದ್ದ ಮೆಣಸಿನ ಸಾಂಬಾಲ್ ಸೀದುಹೋಯಿತು. ನಿನ್ನ ಭಾವ ಬಂದು "ಏನ್ ಸುಡ್ತಿದೀಯೇ, ಮನೇನಾ?" ಎಂದರು. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಕಣ್ಣೊರೆಸಿಕೊಂಡೆ.

ನಿನಗೆ ಬುದ್ಧಿ ಇದೆಯೇನೇ? ಕಾಯಿಲೆಗೆ ಅಂತ ಏಳು ವರ್ಷದಿಂದ ದುಡ್ಡು ಕಟ್ಟಿಸಿಕೊಂಡಿದ್ದಾರೆ, ಕಾಯಿಲೆ ಬಂದಾಗ ಮುಟ್ಟುವುದಿಲ್ಲ ಅನ್ನುತ್ತೀಯ. ಕೊಡೆ ನೆನೆಯುತ್ತದೆ ಎಂದು ಕಂಕುಳಲ್ಲಿ ಇಟ್ಟುಕೊಂಡು ಮಳೆಯಲ್ಲಿ ನಡೆಯುವವರನ್ನು ನಾನು ನೋಡಿರಲಿಲ್ಲ, ಈಗ ನೋಡಿದೆ.

ಬೈಯುವುದು ಮುಗಿಯಿತು. ನನಗೂ ಹೆದರಿಕೆಯೇ. ಅಮ್ಮ ರವಿಕೆಯೊಳಗೆ ಹಳೆಯ ಬಟ್ಟೆ ಮಡಿಸಿ ಇಟ್ಟುಕೊಳ್ಳುತ್ತಿದ್ದದ್ದು ನಿನಗೆ ಗೊತ್ತಿಲ್ಲ, ನೀನಾಗ ಸಿಂಗಪುರದ ಫ್ಯಾಕ್ಟರಿಯಲ್ಲಿದ್ದೆ. ಒಗೆಯಲು ಹಾಕಿದಾಗ ನೋಡಿದವಳು ನಾನು. "ಏನಮ್ಮಾ ಇದು?" ಅಂದರೆ "ಏನಿಲ್ಲ, ಬಿಸಿಲಿಗೆ ಹುಣ್ಣಾಗಿದೆ" ಅಂದಳು. ಮಂತ್ರಿಸಿದ ನೀರು ಕುಡಿದುಕೊಂಡೇ ಹೋದಳು. ಇನ್ನೊಂದು ಸಲ ಅದನ್ನು ನೋಡಲಾರೆ.

ಅಲ್ಲಿ ಹೆದರಿಕೆಯಾದರೆ ಇಲ್ಲಿಗೆ ಬಾ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಿಂಗಿಟ್ಟಿಗೆ ಚೀಟಿ ಕೊಡುತ್ತಾರೆ. ಒಂದು ಸಲ ತೋರಿಸಿಬಿಡೋಣ. ಏನೂ ಇಲ್ಲ ಅಂದರೆ ಇಬ್ಬರೂ ಹೊಳೆದಂಡೆಗೆ ಹೋಗಿ ಕಡ್ಡಿಗೆ ಚುಚ್ಚಿ ಸುಟ್ಟ ಸತಾಯ್ ತಿಂದು ಬರೋಣ.

ಬೇಗ ಬಾ.
ರೊಗಾಯಾ


ಬೆಡೋಕ್
೧೦ ಮಾರ್ಚ್ ೧೯೯೯

ಅಕ್ಕಾ,

ಬರುತ್ತೇನೆ. ಹಜ್ ಹಬ್ಬದ ರಜೆಗೆ ಹೇಗೂ ಬರುವವಳೇ, ಯಾರಿಗೂ ಅನುಮಾನ ಬರುವುದಿಲ್ಲ.

ಆದರೆ ನನ್ನ ಹೆಸರು ಬರೆಸುವುದಿಲ್ಲ. ಮುವಾರಿನ ಆಸ್ಪತ್ರೆಯಲ್ಲಿ ಬರೆಸಿದ್ದು ಸಿಂಗಪುರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನಗಬೇಡ. ಮನುಷ್ಯರಿಗೆ ಗಡಿಯ ಸೇತುವೆ ದಾಟಲು ಪಾಸ್‌ಪೋರ್ಟ್ ಬೇಕು, ಕಂಪ್ಯೂಟರಿಗೆ ಏನೂ ಬೇಡ. ನನ್ನ ಹೆಸರಿನ ಪಕ್ಕದಲ್ಲಿ ಆ ಕಾಯಿಲೆಯ ಹೆಸರು ಎಲ್ಲೂ ಇರಕೂಡದು.

ನಿನ್ನ ಗುರುತಿನ ಕಾರ್ಡು ಕೊಡು. ಮೂಗು ಒಂದೇ, ಗಲ್ಲ ಒಂದೇ. ತಲೆಗೆ ಬಟ್ಟೆ ಸುತ್ತಿದರೆ ಭಾವನಿಗೂ ಗೊತ್ತಾಗದು. ನೀನು ಎರಡು ವರ್ಷ ದೊಡ್ಡವಳು ನಿಜ, ಆದರೆ ಈ ತಿಂಗಳಲ್ಲಿ ನಾನು ನಿನ್ನನ್ನು ದಾಟಿ ಮುದುಕಿಯಾಗಿದ್ದೇನೆ.

ಬೇಡ ಅನ್ನಬೇಡ ಅಕ್ಕಾ. ಬೇಡ ಅಂದರೆ ನಾನು ಬರುವುದೇ ಇಲ್ಲ.

ಹಬ್ಸಾ


ಮುವಾರ್
೨೧ ಏಪ್ರಿಲ್ ೧೯೯೯

ಹಬ್ಸಾ,

ಕೂತಿದ್ದೀಯಾ? ಕೂತುಕೊಂಡು ಓದು.

ಹಬ್ಬಕ್ಕೆ ಬಂದಾಗ ನೀನು ನನ್ನ ಹೆಸರಿನಲ್ಲಿ ಮಾಡಿಸಿಕೊಂಡ ಪರೀಕ್ಷೆಯ ಫಲಿತಾಂಶ ಕೇಳಲು ನಾನೇ ಹೋದೆ. ನಿನಗೆ ಗೇಲಾಂಗಿನಲ್ಲಿ ಮದುವೆ ಇತ್ತಲ್ಲ. ನಿನ್ನನ್ನು ನೋಡಿದ್ದ ಡಾಕ್ಟರು ರಜೆಯಲ್ಲಿದ್ದರು, ಬೇರೆಯವರು ಕೂತಿದ್ದರು. ಚಿಕ್ಕ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಕಾರ್ಡು ನೋಡಿದ, ನನ್ನ ಮುಖ ನೋಡಿದ, "ಅಮ್ಮಾ, ಮನೆಯವರು ಯಾರಾದ್ರೂ ಜೊತೇಲಿ ಬಂದಿದಾರಾ?" ಎಂದ. ಅಷ್ಟರಲ್ಲೇ ತಿಳಿಯಿತು.

ಅದೇ ಕಣೇ. ಅಮ್ಮನದೇ.

ನಾನು ಅತ್ತುಬಿಟ್ಟೆ. ಅವನು ನನಗೇ ಬಂದಿದೆ ಅಂದುಕೊಂಡು ನನ್ನ ಕೈ ಹಿಡಿದು, "ಹೆದರ್ಬೇಡಿ, ಬೇಗ ಬಂದಿದೀರ, ತೆಗೆದ್ಬಿಟ್ರೆ ಬದುಕ್ತೀರ" ಎಂದ. ಆ ಮಾತನ್ನು ನಿನಗೆ ಹಾಗೇ ದಾಟಿಸುತ್ತಿದ್ದೇನೆ. ಬೇಗ ಬಂದಿದ್ದೀಯ. ತೆಗೆದುಬಿಟ್ಟರೆ ಬದುಕುತ್ತೀಯ.

ಮೇ ಹದಿನೇಳಕ್ಕೆ ಆಪರೇಷನ್ ಗೊತ್ತುಮಾಡಿದ್ದಾರೆ. ಹಿಂದಿನ ದಿನ ಬಂದು ಸೇರಿಕೊಳ್ಳಬೇಕು. ಸುಳ್ಳು ಏನು ಹೇಳಬೇಕೋ ನಾನು ಹೇಳುತ್ತೇನೆ, ನೀನು ಬಂದು ಮಲಗು, ಅಷ್ಟೇ.

ರೊಗಾಯಾ


ಬೆಡೋಕ್
೩ ಮೇ ೧೯೯೯

ಅಕ್ಕಾ,

ಬರಲಾರೆ.

ಕೋಪ ಮಾಡಿಕೊಳ್ಳದೆ ಓದು. ಆಪರೇಷನ್ ಮಾಡಿಸಿಕೊಂಡು ವಾರಗಟ್ಟಲೆ ಅಲ್ಲಿದ್ದರೆ ಪಾಸ್‌ಪೋರ್ಟಿನಲ್ಲಿ ಹೋದ ಮುದ್ರೆ, ಬಂದ ಮುದ್ರೆ ಬೀಳುತ್ತವೆ. "ಅಷ್ಟು ದಿನ ದುಡಿಮೆ ಬಿಟ್ಟು ಎಲ್ಲಿದ್ದೆ?" ಎಂದರೆ ಏನು ಹೇಳಲಿ? ಜೂನ್ ರಜೆಯಲ್ಲಿ ಮದುವೆಗಳ ಮೇಲೆ ಮದುವೆ ಒಪ್ಪಿಕೊಂಡಿದ್ದೇನೆ. ಈಗ ಬಿಟ್ಟರೆ ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ದುಡಿಮೆ ಇಲ್ಲದವಳಿಗೆ ಪರ್ಮಿಟ್ ಯಾಕೆ ಕೊಡುತ್ತಾರೆ?

ಇನ್ನೊಂದು ಯೋಚನೆಯೂ ಬಿಡುತ್ತಿಲ್ಲ. ಆಪರೇಷನ್ ಮೇಜಿನ ಮೇಲೆ ಸತ್ತುಹೋದರೆ ನನ್ನನ್ನು ಯಾರ ಹೆಸರಿನಲ್ಲಿ ಹೂಳುತ್ತಾರೆ? ನಿನ್ನ ಹೆಸರಿನಲ್ಲಿ. ಆಮೇಲೆ ನೀನು ಬದುಕಿದ್ದೀಯ ಎಂದು ಯಾರಿಗೆ ಹೇಳಿಕೊಂಡು ತಿರುಗುತ್ತೀಯ? ಹೆರ್ಲಿನಾಳಿಗೆ ಅಮ್ಮ ಎಲ್ಲಿ ಹೋದಳು ಎನ್ನುತ್ತೀಯ? ಇದು ತಮಾಷೆಯಲ್ಲ ಅಕ್ಕಾ, ಬೆಳಿಗ್ಗೆ ಅನ್ನ ಬಸಿಯುವಾಗಲೂ ಇದೇ ಕಣ್ಣ ಮುಂದೆ ಬರುತ್ತದೆ.

ನವೆಂಬರ್ ತನಕ ತಡೆದುಕೊಳ್ಳುತ್ತೇನೆ. ಪರ್ಮಿಟ್ ಕೈಗೆ ಬಂದ ಮಾರನೆಯ ದಿನವೇ ಯಾವ ಆಸ್ಪತ್ರೆ ಅನ್ನುತ್ತೀಯೋ ಅಲ್ಲಿಗೆ. ಗಂಟು ಮೊದಲಿದ್ದಷ್ಟೇ ಇದೆ ಅನ್ನಿಸುತ್ತದೆ. ದಿನಾ ಮುಟ್ಟಿ ಮುಟ್ಟಿ ಅಳತೆಯೇ ಮರೆತುಹೋಗಿದೆ.

ಆಸ್ಪತ್ರೆಯವರಿಗೆ ಏನಾದರೂ ಹೇಳಿ ದಿನ ಮುಂದೆ ಹಾಕಿಸು.

ಹಬ್ಸಾ


ಮುವಾರ್
೯ ಜೂನ್ ೧೯೯೯

ಹಬ್ಸಾ,

ನಾವು ಮಾಡಿದ ಕೆಲಸ ಮನೆ ಬಾಗಿಲಿಗೇ ಬಂತು.

ಮೊನ್ನೆ ಊರ ಕ್ಲಿನಿಕ್ಕಿನ ನರ್ಸಮ್ಮ ಮೊಪೆಡ್ಡಿನಲ್ಲಿ ಬಂದಿಳಿದಳು. ನಿನ್ನ ಭಾವ ಮೆಟ್ಟಿಲ ಮೇಲೆ ಕೂತು ಕೋಳಿಗೆ ಕಾಳು ಹಾಕುತ್ತಿದ್ದರು. ಹೆಲ್ಮೆಟ್ಟು ಕೂಡ ತೆಗೆಯಲಿಲ್ಲ ಮಹಾರಾಯಿತಿ, ಅಂಗಳದಿಂದಲೇ ಶುರು: "ರೊಗಾಯಾ ಅಕ್ಕ ಎಲ್ಲಿ? ಆಪರೇಷನ್ನಿಗೆ ಬರ್ಲೇ ಇಲ್ವಲ್ಲ! ಎದೆ ಗಡ್ಡೆ ಅಂದ್ರೆ ಮೊಡವೆ ಅಂದ್ಕೊಂಡ್ರಾ?"

"ಯಾರ ಎದೆ? ಯಾವ ಗಡ್ಡೆ?" ಎಂದರು ಇವರು. ಕಾಳಿನ ಬಟ್ಟಲು ಕೈಯಿಂದ ಬಿತ್ತು.

ಅಲ್ಲೇ ಹೇಳಿಬಿಡಬೇಕಿತ್ತು. ನಿನ್ನ ಮುಖ ಕಣ್ಣ ಮುಂದೆ ಬಂದು ನಾಲಿಗೆ ಏಳಲಿಲ್ಲ. ಇವರು ನನ್ನ ಕಾಲ ಬಳಿ ಕೂತು, "ನನ್ ಹತ್ರ ಯಾಕೇ ಮುಚ್ಚಿಟ್ಟೆ? ನಾನೇನ್ ದಾರೀಲಿ ಹೋಗೋನಾ?" ಎಂದು ಅತ್ತರು. ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಗಂಡಸು ಈಗ ನನ್ನ ರವಿಕೆ, ಸರೋಂಗು ಲುಂಗಿ ಎಲ್ಲ ಒಗೆದು ಹಗ್ಗಕ್ಕೆ ಹಾಕುತ್ತಾರೆ, ಉಲ್ಟಾ. ಅದನ್ನು ನೋಡಿದರೆ ನಗು ಬಂದು, ನಗುತ್ತಲೇ ಅಳು ಬರುತ್ತದೆ.

ನಿನ್ನೆ ಹೆಂಗಸರೆಲ್ಲ ಸೇರಿ ನನಗೋಸ್ಕರ ಕುರಾನಿನ ಯಾಸೀನ್ ಅಧ್ಯಾಯ ಓದಿದರು. ನಾನು ನಡುವೆ ತಲೆ ತಗ್ಗಿಸಿ ಕೂತಿದ್ದೆ. ಮೂಲೆಮನೆಯವಳು ನನ್ನ ಹಳೆಯ ಜಗಳವನ್ನೆಲ್ಲ ಕ್ಷಮಿಸಿಬಿಟ್ಟಳು, ನಾನು ಕೇಳಿಕೊಳ್ಳದೆಯೇ. ಜಗಳದಲ್ಲಿ ತಪ್ಪು ಅವಳದೇ ಇತ್ತು, ಅದನ್ನೂ ಈಗ ಹೇಳುವಂತಿಲ್ಲ.

ನನ್ನ ಎದೆಯಲ್ಲಿ ಏನೂ ಇಲ್ಲ ಹಬ್ಸಾ. ಆದರೂ ಇಷ್ಟು ಜನ ಅಳುವುದನ್ನು ಕಂಡು ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಏನೋ ಸಿಕ್ಕ ಹಾಗಾಗುತ್ತದೆ. ನೀನು ಫೆಬ್ರವರಿಯಿಂದ ಹೀಗೇ ಇದ್ದೀಯ ಎಂದು ಈಗ ಅರ್ಥವಾಯಿತು.

ನರ್ಸಮ್ಮ ಈ ತಿಂಗಳ ಇಪ್ಪತ್ತೆಂಟಕ್ಕೆ ಹೊಸ ದಿನ ಕೊಟ್ಟು ಹೋಗಿದ್ದಾಳೆ, ಅವತ್ತು ಇವರು ನನ್ನನ್ನು ಆಸ್ಪತ್ರೆಗೆ ಎತ್ತಿಹಾಕಿಕೊಂಡಾದರೂ ಹೋಗುತ್ತಾರಂತೆ. ಅಷ್ಟರೊಳಗೆ ನೀನು ಬಂದು ಮಲಗು. ಇಲ್ಲದಿದ್ದರೆ ನಾನು ಬಾಯಿ ಬಿಡಬೇಕಾಗುತ್ತದೆ. ನಿನ್ನ ಬದಲು ಕಾರ್ಡು ಕೊಡಬಹುದು ಕಣೇ, ಎದೆ ಕೊಡಲಾರೆ.

ರೊಗಾಯಾ


ಬೆಡೋಕ್
೧೫ ಜೂನ್ ೧೯೯೯

ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ, ಹೇಳಬೇಡ. ಭಾವನಿಗೆ ಗೊತ್ತಾದರೆ ಕಾಫಿ ಅಂಗಡಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಜುನೈದಿಯ ಚಿಕ್ಕಪ್ಪ ದಿನಾ ಕೂರುತ್ತಾನೆ.

ಭಾನುವಾರ ತಂಪಿನೀಸಿನಲ್ಲಿ ಮದುವೆ ಇತ್ತು. ಮದುಮಗಳ ಮುಡಿಗೆ ಕಿರೀಟ ಇಟ್ಟು ಪಿನ್ನು ಚುಚ್ಚಲು ಹೋದೆ, ಎಡಗೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ಕಂಕುಳಲ್ಲಿ ಊತ. ಹೊರಗೆ ಡೋಲು ಬಡಿಯುತ್ತಿದ್ದಾರೆ, ಗಂಡಿನ ಕಡೆಯವರು ಬಂದುಬಿಟ್ಟಿದ್ದಾರೆ. "ಸ್ವಲ್ಪ ಕೆಳಗೆ ಕೂತ್ಕೋ ಮಗಳೇ" ಎಂದು ಅವಳನ್ನೇ ನೆಲದ ಮೇಲೆ ಕೂರಿಸಿ ಒಂದೇ ಕೈಯಲ್ಲಿ ಮುಗಿಸಿದೆ. ಅವಳು ಕನ್ನಡಿ ನೋಡಿ ನಕ್ಕಳು. ನಾನು ಕನ್ನಡಿ ನೋಡಲಿಲ್ಲ.

ನವೆಂಬರ್ ತನಕ ಅಷ್ಟೇ ಅಕ್ಕಾ.

ಹಬ್ಸಾ


ಬೆಡೋಕ್
೨೩ ಜೂನ್ ೧೯೯೯

ದೊಡ್ಡಮ್ಮನಿಗೆ,

ನಾನು ಹೆರ್ಲಿನಾ. ಫೋನಿನಲ್ಲಿ ಹೇಳೋಣವೆಂದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೆ ಗೊತ್ತಿಲ್ಲ.

ಶುಕ್ರವಾರ ದೊಡ್ಡಪ್ಪ ಫೋನು ಮಾಡಿದ್ದರು. "ನಿನ್ನ ದೊಡ್ಡಮ್ಮನಿಗೆ ಎದೇಲಿ ಕ್ಯಾನ್ಸರ್ ಕಣಮ್ಮಾ. ನಿಮ್ಮಮ್ಮನ್ನ ಕಳಿಸು, ಅಕ್ಕನ ಮುಖ ನೋಡ್ಕೊಂಡು ಹೋಗ್ಲಿ" ಎಂದು ಬಿಕ್ಕಿದರು. ನಾನು ಅಳುತ್ತಾ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ "ಹೂಂ" ಎಂದು ಸೂಜಿಗೆ ದಾರ ಪೋಣಿಸುವುದನ್ನು ಮುಂದುವರಿಸಿದಳು. ಟೀವಿ ಧಾರಾವಾಹಿಗೆ ಅಳುವ ಅಮ್ಮ, ಸ್ವಂತ ಅಕ್ಕನಿಗೆ ಕ್ಯಾನ್ಸರ್ ಅಂದರೆ ಹೂಂ ಅಂದಳು. ಆಗಲೇ ನನಗೆ ಏನೋ ಅನ್ನಿಸಿತು. ಇತ್ತೀಚೆಗೆ ಒಂದೇ ಕೈಯಲ್ಲಿ ಮುಡಿ ಕಟ್ಟಿಕೊಳ್ಳುವುದು, ನಾನು ತಬ್ಬಿಕೊಳ್ಳಲು ಹೋದರೆ ಪಕ್ಕಕ್ಕೆ ತಿರುಗುವುದು. "ದೊಡ್ಡಮ್ಮನಿಗಲ್ಲ ಅಲ್ವಾ? ನಿನಗೆ ಅಲ್ವಾ?" ಎಂದೆ. ಬಾಯಿ ತುಂಬ ಪಿನ್ನುಗಳನ್ನಿಟ್ಟುಕೊಂಡಿದ್ದಳು. ನಾನೇ ಒಂದೊಂದಾಗಿ ಬಾಯಿಂದ ತೆಗೆದೆ. ಆಮೇಲೆ ಎಲ್ಲಾ ಹೇಳಿದಳು.

ನೀವಿಬ್ಬರೂ ದೊಡ್ಡವರು. ಕ್ಷಮಿಸಿ, ಆದರೂ ಕೇಳುತ್ತೇನೆ. ನನ್ನನ್ನು ಉಳಿಸಿಕೊಳ್ಳುವುದಕ್ಕೆ ಅಮ್ಮನನ್ನು ಸಾಯಿಸಬೇಕು ಎಂದು ಯಾರು ಹೇಳಿದರು?

ತೀಮಾ ಅಜ್ಜಿಯ ಮನೆಯಲ್ಲಿ ಈಗ ಅವರ ತಮ್ಮ ಇದ್ದಾರೆ. ಅವರಿಂದ ನಂಬರ್ ಇಸಿದುಕೊಂಡು ಅಜ್ಜಿಯ ಊರು ಕೋತಾ ಬಾರುಗೆ ಫೋನು ಮಾಡಿ ಅವರ ಹತ್ತಿರವೇ ಕೇಳಿದೆ. "ಯಾವಳೇ ಹೇಳಿದ್ದು ನನ್ನ ಓಡಿಸಿದ್ರು ಅಂತ? ಪರ್ಮಿಟ್ ಇನ್ನೂ ಎರಡು ವರ್ಷ ಇತ್ತು! ಮೊಮ್ಮಗ ಹುಟ್ಟಿದ, ನಾನೇ ಎದ್ದು ಬಂದೆ. ಬಂದು ಕೆಟ್ಟೆ, ಇಲ್ಲಿ ಸೊಸೆ ಉಪ್ಪಿಲ್ಲದ್ದು ತಿನ್ನಿಸಿ ತಿನ್ನಿಸಿ ಕೊಲ್ತಿದಾಳೆ" ಅಂದರು. ಲಿಫ್ಟಿನಲ್ಲಿ ಮಾತಾಡಿಕೊಂಡದ್ದೆಲ್ಲ ಬರೀ ಬಾಯಿ ಮಾತು.

ಅಮ್ಮ ಅದನ್ನೂ ನಂಬಲಿಲ್ಲ. "ಮಾನ ಉಳಿಸ್ಕೊಳ್ಳೋಕೆ ಹಂಗೆ ಹೇಳ್ತಾಳೆ. ಓಡಿಸಿದ್ರು ಅಂತ ಯಾರಾದ್ರೂ ಒಪ್ಕೋತಾರಾ?" ಎಂದಳು.

ಆಗ ನಾನು ಶಾಲೆಯ ಚೀಲಕ್ಕೆ ಬಟ್ಟೆ ತುಂಬಿದೆ. "ನಾಳೆ ನೀನು ಆಸ್ಪತ್ರೆಗೆ ಬರ್ಲಿಲ್ಲ ಅಂದ್ರೆ ನಾನೇ ಅಪ್ಪನ ಮನೆಗೆ ಹೋಗ್ತೀನಿ. ಯಾರೂ ಕಿತ್ಕೊಂಡ್ ಹೋಗೋದು ಬೇಡ, ನನ್ನ ಕಾಲಲ್ಲೇ ಹೋಗ್ತೀನಿ" ಎಂದೆ. ಅಮ್ಮ ನನ್ನನ್ನು ನೋಡಿದ ರೀತಿ ಹೇಳಲಾರೆ. ನನಗೆ ಹಾಗೆ ಹೇಳುವ ಮನಸ್ಸಿರಲಿಲ್ಲ ದೊಡ್ಡಮ್ಮ. ನನಗೂ ತುಂಬಾ ಹೆದರಿಕೆಯಾಗಿತ್ತು.

ಬಂದಳು. ನಿನ್ನೆ ತೋರಿಸಿದೆವು. ಮುಂದಿನ ವಾರ ಆಪರೇಷನ್. ನೀವು ದೊಡ್ಡಪ್ಪನಿಗೆ ನಿಜ ಹೇಳಿಬಿಡಿ, ಪಾಪ ಅವರು.

ಹೆರ್ಲಿನಾ


ಸಿಂಗಪುರ, ಆಸ್ಪತ್ರೆಯಿಂದ
೮ ಜುಲೈ ೧೯೯೯

ಅಕ್ಕಾ,

ಬಲಗೈ ನೆಟ್ಟಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ತೆಗೆದರು. ಎದೆ, ಕಂಕುಳ ಗಂಟುಗಳು, ಎಲ್ಲ. ಬಟ್ಟೆ ಸುತ್ತಿರುವ ಕಡೆ ನಾನಿನ್ನೂ ನೋಡಿಲ್ಲ.

ಸೇರುವ ದಿನ ಕೌಂಟರಿನಲ್ಲಿ ಒಬ್ಬ ಚೀನೀ ಹುಡುಗಿ ಕೂತಿದ್ದಳು. "ಆಂಟಿ, ಮೆಡಿಸೇವಿಂದ ತೆಗೀಬೇಕಾ?" ಎಂದು ಮಾಮೂಲಿಯಾಗಿ ಕೇಳಿದಳು, ಕಾಫಿಗೆ ಸಕ್ಕರೆ ಬೇಕಾ ಅನ್ನುವ ಹಾಗೆ.

"ತೆಗೆದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದೆ.

"ಯಾರಿಗೆ ಗೊತ್ತಾಗ್ಬೇಕು ಆಂಟಿ? ನಿಮ್ ದುಡ್ಡು, ನಿಮ್ ಕಾಯಿಲೆ."

"ಪರ್ಮಿಟ್ ಕಚೇರಿಗೆ?"

ಅವಳಿಗೆ ನಾನು ಏನು ಕೇಳುತ್ತಿದ್ದೇನೆ ಎಂದೇ ಅರ್ಥವಾಗಲಿಲ್ಲ. ಪಕ್ಕದವಳನ್ನು ಕೇಳಿದಳು, ಅವಳಿಗೂ ಅರ್ಥವಾಗಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಹೆರ್ಲಿನಾ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಸಹಿ ಹಾಕಿದೆ. ಇಷ್ಟು ವರ್ಷ ಜೋಪಾನ ಮಾಡಿದ ಖಾತೆಗೆ ತೂತು ಬಿತ್ತು, ಅವಳು "ಮುಂದಿನವ್ರು" ಎಂದು ಕೂಗಿದಳು. ಆಕಾಶ ಬೀಳಲಿಲ್ಲ. ಆದರೂ ನನಗೆ ನಂಬಿಕೆ ಬಂದಿಲ್ಲ ಅಕ್ಕಾ. ನವೆಂಬರಿಗೆ ನೋಡು, ಕೇಳೇ ಕೇಳುತ್ತಾರೆ.

ಡಾಕ್ಟರಮ್ಮ "ಯಾವಾಗ ಗೊತ್ತಾಯ್ತು?" ಎಂದರು. "ಇತ್ತೀಚೆಗೆ" ಎಂದೆ. "ಫೆಬ್ರವರಿ" ಎಂದಳು ಹೆರ್ಲಿನಾ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿ, ಮತ್ತೆ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಹಬ್ಸಾ


ಮುವಾರ್
೧೯ ಜುಲೈ ೧೯೯೯

ನನ್ನ ಹಬ್ಸಾ,

ಬದುಕಿದ್ದೀಯಲ್ಲ, ಸಾಕು. ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೇನೆ.

ಇಲ್ಲಿಯ ಕಥೆ ಕೇಳು. ಹೆರ್ಲಿನಾಳ ಕಾಗದ ನನಗೆ ಸಿಗುವಷ್ಟರಲ್ಲಿ ಇಪ್ಪತ್ತೆಂಟು ಬಂದೇಬಿಟ್ಟಿತ್ತು. ಡಾಕ್ಟರು ನನ್ನನ್ನು ಮಲಗಿಸಿ ಮುಟ್ಟಿ ನೋಡಿದರು. ಮತ್ತೆ ನೋಡಿದರು. ಇನ್ನೊಬ್ಬರನ್ನು ಕರೆದರು. "ಗಡ್ಡೆ ಎಲ್ಲಿ?" ಎಂದು ಇಬ್ಬರೂ ಮುಖ ಮುಖ ನೋಡಿಕೊಂಡರು. ಪರದೆಯ ಆಚೆ ನಿಂತಿದ್ದ ನಿನ್ನ ಭಾವ ಅಷ್ಟು ಕೇಳಿದ್ದೇ "ಅಲ್ಲಾಹು ಅಕ್ಬರ್!" ಎಂದು ಕುಸಿದು ಕೂತರು. "ಯಾಸೀನ್ ಕೈ ಹಿಡೀತು! ನಾಳೆನೇ ಮೇಕೆ ಕಡಿದು ಊರಿಗೆಲ್ಲಾ ಊಟ ಹಾಕ್ಸ್ತೀನಿ!" ಮೇಕೆಯ ಪ್ರಾಣ ಉಳಿಸಲಾದರೂ ನಾನು ಬಾಯಿ ಬಿಡಲೇಬೇಕಾಯಿತು.

ಡಾಕ್ಟರು ಕಾರ್ಡಿನ ವಿಷಯಕ್ಕೆ ಕೂಗಾಡುತ್ತಾರೆ ಅಂದುಕೊಂಡೆ. ಹೇಳಿಕೆ ಬರೆಸಿಕೊಂಡರು, ಕರೆದಾಗ ಬರಬೇಕು ಎಂದರು, ಹೋಗುತ್ತೇನೆ. ಆದರೆ ಅವರು ಮೊದಲು ಕೇಳಿದ್ದು ಬೇರೆ. "ಹಾಗಾದ್ರೆ ಆ ಇನ್ನೊಬ್ಬಳು ಎಲ್ಲಿ? ಆಪರೇಷನ್ ಆಯ್ತಾ?" ಇನ್ನೂ ಇಲ್ಲ ಎಂದೆ. "ಮೇ ತಿಂಗಳಲ್ಲೇ ಆಗ್ಬೇಕಿತ್ತಲ್ಲಮ್ಮಾ" ಎಂದು ಹಣೆ ಹಿಡಿದುಕೊಂಡರು. ಅದು ಕೂಗಾಟಕ್ಕಿಂತ ಕೆಟ್ಟದಾಗಿತ್ತು. ಕಾರ್ಡು ಕೊಟ್ಟವಳು ನಾನು. ಅವತ್ತು ನಿನ್ನ ಕೆನ್ನೆಗೆ ಎರಡು ಬಿಗಿದು ನಿನ್ನದೇ ಹೆಸರು ಬರೆಸಬೇಕಿತ್ತು.

ನಿನ್ನ ಭಾವ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮೂರನೆಯ ದಿನ, "ಹಬ್ಸಾ ಹೆಂಗಿದಾಳಂತೆ?" ಎಂದರು. ಈಗ ಬಟ್ಟೆ ಒಗೆಯುವುದನ್ನು ನಿಲ್ಲಿಸಿದ್ದಾರೆ. ಹೆಂಗಸರೆಲ್ಲ ಬೈದರು, ಮೂಲೆಮನೆಯವಳು ಕ್ಷಮೆ ವಾಪಸು ತೆಗೆದುಕೊಂಡಳು. ಆದರೆ ಇಮಾಮರು, "ಓದಿದ್ದು ವ್ಯರ್ಥ ಅಲ್ಲ, ಮಾಡಿದ ದುವಾ ವಿಳಾಸ ತಪ್ಪೋದಿಲ್ಲ" ಎಂದರು. ಈಗ ಗುರುವಾರ ಗುರುವಾರ ನಿನ್ನ ಹೆಸರು ಹೇಳಿಯೇ ಓದುತ್ತಾರೆ.

ಅಕ್ಕಿ ನೀರಿನಲ್ಲಿ ತಲೆ ತೊಳೆದುಕೋ, ಔಷಧಿಗೆ ಕೂದಲು ಉದುರಿದರೆ ಬೇಜಾರು ಮಾಡಿಕೊಳ್ಳಬೇಡ.

ರೊಗಾಯಾ


ಬೆಡೋಕ್
೨೪ ನವೆಂಬರ್ ೧೯೯೯

ಅಕ್ಕಾ,

ಈ ಕಾಗದವನ್ನು ಭಾವನ ಎದುರು ಓದಬೇಡ.

ಹೋದ ವಾರ ಡಾಕ್ಟರಮ್ಮ ಹೊಸ ಎಕ್ಸ್‌ರೇ ಫೋಟೋಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನ ಮೂಳೆಗೆ ಹೋಗಿದೆ. ಬೆನ್ನು ನೋವು ಹೊಲಿಗೆ ಮಿಷನ್ನಿನ ಮುಂದೆ ಕೂತು ಬಂದದ್ದು ಎಂದು ನಾನು ತಿಳಿದಿದ್ದೆ. "ಎಷ್ಟು ದಿನ?" ಎಂದೆ. "ಈ ರಂಜಾನ್ ಹಬ್ಬಾನ ಎಲ್ಲರೂ ಸೇರಿ ಮಾಡಿ" ಎಂದರು. ಅವರಿಗೆ ನಮ್ಮ ಹಬ್ಬ ಯಾವಾಗ ಎಂದು ಗೊತ್ತಿತ್ತು. ಹೊಸ ವರ್ಷ ಕಳೆದು ಒಂದೇ ವಾರಕ್ಕೆ. ಹೆರ್ಲಿನಾ ಔಷಧಿ ತರಲು ಕೆಳಗೆ ಹೋಗಿದ್ದಳು. ಅವಳಿಗೆ ನಾನಿನ್ನೂ ಹೇಳಿಲ್ಲ.

ನಿನ್ನೆ ಪರ್ಮಿಟ್ ಕಚೇರಿಗೆ ಹೋಗಿದ್ದೆವು. ಉದುರಿದ ಹುಬ್ಬನ್ನು ಪೆನ್ಸಿಲಿನಲ್ಲಿ ತೀಡಿಕೊಂಡು, ಗಲ್ಲಕ್ಕೆ ಸ್ವಲ್ಪ ಕೆಂಪು ಹಚ್ಚಿ, ಮದುಮಗಳಿಗೆ ಮಾಡುವ ಹಾಗೆ ನನಗೆ ನಾನೇ ಮಾಡಿಕೊಂಡು ಹೋದೆ. ಕಾಯಿಲೆಯ ಬಗ್ಗೆ ಕೇಳಿದರೆ ಏನು ಹೇಳಬೇಕು ಎಂದು ಫೆಬ್ರವರಿಯಿಂದ ಮನಸ್ಸಿನಲ್ಲಿ ಉರು ಹೊಡೆದಿದ್ದೆ. ಹುಡುಗ ಫಾರಂ ನೋಡಿದ. ಏನು ಕೆಲಸ ಎಂದ, ಹೇಳಿದೆ. ತೆರಿಗೆ ಚೀಟಿ ನೋಡಿದ, ಮೆಡಿಸೇವ್ ಕಟ್ಟಿದ್ದೀರಲ್ಲ ಎಂದ, ಹೌದು ಎಂದೆ. ಸಹಿ ಎಂದ, ಹಾಕಿದೆ. ಅಷ್ಟೇ ಅಕ್ಕಾ. ಆರೋಗ್ಯ ಹೇಗಿದೆ ಎಂದು ಬಾಯಿಮಾತಿಗೂ ಕೇಳಲಿಲ್ಲ. ಫಾರಮ್ಮನ್ನು ಈಸಿಕೊಂಡು ಹಿಂದೆ ಮುಂದೆ ತಿರುವಿ ನೋಡಿದೆ, ಅದರಲ್ಲೂ ಎಲ್ಲೂ ಆ ಪ್ರಶ್ನೆ ಇರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಹೆದರಿ ನಾನು ಮೇ ತಿಂಗಳನ್ನು ಬಿಟ್ಟೆ.

ಐದು ವರ್ಷ ಕೊಟ್ಟರು.

ಕಿರುಚಬೇಕು ಅನ್ನಿಸಿತು. ಹೆರ್ಲಿನಾ ಪಕ್ಕದಲ್ಲಿದ್ದಳು, ಅದಕ್ಕೇ ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ನೀನು ಬಾ ಅಕ್ಕಾ, ಉಪವಾಸ ಶುರುವಾಗುವ ಮೊದಲೇ ಬಾ. ನಾನು ಹೋದ ಮೇಲೆ ಇವಳು ಜುನೈದಿಯ ಮನೆಗೇ ಹೋಗಬೇಕು, ಬೇರೆ ದಾರಿಯಿಲ್ಲ. ಅವನ ಹತ್ತಿರ ಕೂತು ಮಾತಾಡಬೇಕು, ಓದು ಬಿಡಿಸಬಾರದು ಎಂದು ಹೇಳಬೇಕು. ಒಬ್ಬಳೇ ಅವನ ಮುಂದೆ ಕೂರುವ ಧೈರ್ಯ ನನಗಿಲ್ಲ.

ಬರುವಾಗ ಬಸ್ಸಿನಲ್ಲಿ ಹೆರ್ಲಿನಾ ಪರ್ಮಿಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನಗು ನೋಡಿದೆ. ನನ್ನ ಭುಜಕ್ಕೆ ತಲೆಯಿಟ್ಟು, "ಅಮ್ಮಾ, ಇದು ಮುಗಿಯೋ ಹೊತ್ತಿಗೆ ನನಗೆ ಇಪ್ಪತ್ತೊಂದು. ನನ್ನ ಮದುವೇಲಿ ಬೇರೆ ಯಾರನ್ನೂ ಕರಿಬಾರ್ದು, ನೀನೇ ಸಿಂಗಾರ ಮಾಡ್ಬೇಕು" ಎಂದಳು.

"ಇನ್ಯಾರು ಮಾಡ್ತಾರೆ? ಐದು ವರ್ಷ ಇರು ಅಂತ ಸರ್ಕಾರನೇ ಮುದ್ರೆ ಒತ್ತಿ ಕೊಟ್ಟಿದೆಯಲ್ಲ" ಎಂದೆ.

ಹಬ್ಸಾ